ಕುರ್ಚಿಯಿಲ್ಲದ ಅಧಿಕಾರ

ಸಂಸ್ಥೆಯೊಂದರ ಅಧ್ಯಕ್ಷರ ಕುರ್ಚಿಯನ್ನು ತೆಗೆದುಹಾಕಿ ಪ್ರತಿಯೊಂದು ತೀರ್ಮಾನವನ್ನೂ ಸದಸ್ಯರ ಮತಕ್ಕೆ ಬಿಟ್ಟುಬಿಟ್ಟರೆ, ಆ ಕುರ್ಚಿಯಲ್ಲಿದ್ದ ಅಧಿಕಾರವೆಲ್ಲ ಸದಸ್ಯರಿಗೆ ಹಂಚಿಹೋಗುತ್ತದೆ ಎಂಬುದು ಬಹುಕಾಲದಿಂದ ಬಂದಿರುವ ನಂಬಿಕೆ. ಕಳೆದ ಹತ್ತು ವರ್ಷಗಳಲ್ಲಿ ಕಂಪ್ಯೂಟರ್ ಜಾಲಗಳ ಮೇಲೆ ಹುಟ್ಟಿಕೊಂಡ, ಆಡಳಿತ ಮಂಡಳಿಯೇ ಇಲ್ಲದ ಸಂಸ್ಥೆಗಳು ಈ ನಂಬಿಕೆಯನ್ನು ಹಿಂದೆಂದೂ ಇಲ್ಲದಷ್ಟು ಕಟುವಾಗಿ ಪರೀಕ್ಷೆಗೆ ಒಡ್ಡಿವೆ. ಇಂಗ್ಲಿಷಿನ ಮೊದಲಕ್ಷರಗಳಿಂದ 'ಡಿಎಒ' ಎಂದು ಕರೆಯಲಾಗುವ, ಕನ್ನಡದಲ್ಲಿ ವಿಕೇಂದ್ರೀಕೃತ ಸ್ವಾಯತ್ತ ಸಂಸ್ಥೆ ಎನ್ನಬಹುದಾದ ಈ ವ್ಯವಸ್ಥೆಗಳಲ್ಲಿ ನಿಯಮಾವಳಿಯೆಂಬುದು ಕಡತದಲ್ಲಿರದೆ ಕಂಪ್ಯೂಟರ್ ಪ್ರೋಗ್ರಾಮಿನ ರೂಪದಲ್ಲಿರುತ್ತದೆ, ಸದಸ್ಯತ್ವವೆಂಬುದು ಕೊಂಡು ಮಾರಬಹುದಾದ 'ಟೋಕನ್' ಎಂಬ ಅಂಕೀಯ ಬಿಲ್ಲೆಯ ರೂಪದಲ್ಲಿರುತ್ತದೆ, ಮತ್ತು ಠರಾವು ಗೆದ್ದೊಡನೆ ಅದನ್ನು ಜಾರಿಗೆ ತರಲು ಯಾವ ಕಾರ್ಯದರ್ಶಿಯ ಸಹಿಯೂ ಬೇಕಾಗದೆ ಹಣ ತಾನಾಗಿ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಇಲ್ಲಿನ ಪ್ರತಿಯೊಂದು ಮತವೂ ಪ್ರತಿಯೊಂದು ವರ್ಗಾವಣೆಯೂ 'ಬ್ಲಾಕ್‌ಚೈನ್' ಎಂಬ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿ ಅಳಿಸಲಾಗದಂತೆ ದಾಖಲಾಗುವುದರಿಂದ, ಅಧಿಕಾರ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನು ಸಮಾಜವಿಜ್ಞಾನಿಗಳು ಊಹಿಸಬೇಕಾಗಿಲ್ಲ, ಎಣಿಸಿಯೇ ನೋಡಬಹುದು.

ಎಣಿಸುವ ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳಬೇಕು. ನಿಯಮಗಳು ಒಬ್ಬರಿಗೆ ಕೊಟ್ಟಿರುವ ಹಕ್ಕು 'ಅಧಿಕಾರ'. ಅಂತಿಮ ಫಲಿತಾಂಶವನ್ನು ವಾಸ್ತವವಾಗಿ ಬದಲಿಸಬಲ್ಲ ಸಾಮರ್ಥ್ಯ 'ಹಿಡಿತ'. ಇತರರು ತಮ್ಮ ಅಧಿಕಾರವನ್ನು ಹೇಗೆ ಬಳಸಬೇಕೆಂಬುದನ್ನು ತಿದ್ದುವ ಶಕ್ತಿ 'ಪ್ರಭಾವ'. ದಿನಬಳಕೆಯ ಮಾತಿನಲ್ಲಿ ಇವು ಮೂರೂ ಒಂದೇ ಆಗಿ ಬೆರೆತಿರುತ್ತವೆ, ಮತ್ತು ವಿಕೇಂದ್ರೀಕರಣದ ಕುರಿತ ಬಹುಪಾಲು ಗೊಂದಲ ಹುಟ್ಟುವುದು ಮೊದಲನೆಯದನ್ನು ಅಳೆದು ಎರಡನೆಯದನ್ನೂ ಅಳೆದೆವೆಂದು ತಿಳಿದುಕೊಳ್ಳುವುದರಿಂದ.

ಈ ವ್ಯತ್ಯಾಸವನ್ನು ಕಂಡವರಲ್ಲಿ ಕಂಪ್ಯೂಟರ್ ತಜ್ಞರು ಮೊದಲಿಗರೇನಲ್ಲ. ಜರ್ಮನಿಯ ಸಮಾಜವಾದಿ ಪಕ್ಷವನ್ನು ಒಳಗಿನಿಂದಲೇ ಬಲ್ಲ ರಾಬರ್ಟ್ ಮಿಖೆಲ್ಸ್ 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಮಾನತೆಯನ್ನೇ ಉಸಿರಾಡುವ ಸಂಘಟನೆಯೂ ಬೆಳೆಯುತ್ತ ಹೋದಂತೆ ಲೆಕ್ಕ, ಪತ್ರವ್ಯವಹಾರ, ಸಭೆಯ ಏರ್ಪಾಡು ಬಲ್ಲ ಕೆಲವೇ ಮಂದಿಯ ಕೈಗೆ ಸಿಕ್ಕಿಬೀಳುತ್ತದೆಂದು ವಾದಿಸಿ, ಅದನ್ನು ಕಬ್ಬಿಣದಂತಹ ನಿಯಮವೆಂದು ಕರೆದರು. ಅಮೆರಿಕದ ಮಹಿಳಾ ಚಳವಳಿಯ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಯಕರೇ ಇಲ್ಲವೆಂದು ಘೋಷಿಸಿಕೊಂಡ ಗುಂಪುಗಳಲ್ಲಿ ಗೆಳೆತನದ ಒಳವಲಯಗಳು ನಾಯಕತ್ವ ವಹಿಸುತ್ತವೆ, ಮತ್ತು ಅವುಗಳಿಗೆ ಹೆಸರೇ ಇಲ್ಲದಿರುವುದರಿಂದ ಅವುಗಳನ್ನು ಪ್ರಶ್ನಿಸಿ ಕೆಳಗಿಳಿಸುವ ದಾರಿಯೂ ಇರುವುದಿಲ್ಲ ಎಂದು ತೋರಿಸಿದರು. ಇವರಿಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಎರಡೂ ಅಳತೆಗೆ ಸಿಗುವಂಥವಲ್ಲ.

ಅಳತೆಗೋಲು ಸಿಕ್ಕಿದ್ದು ಬೇರೊಂದು ದಿಕ್ಕಿನಿಂದ. ಬ್ರಿಟನ್ನಿನ ತಳಿವಿಜ್ಞಾನಿ ಲಯನೆಲ್ ಪೆನ್‌ರೋಸ್ 1946ರಲ್ಲಿ, ಅಮೆರಿಕದ ಗಣಿತಜ್ಞ ಲಾಯ್ಡ್ ಶಾಪ್ಲಿ ಮತ್ತು ಮಾರ್ಟಿನ್ ಶೂಬಿಕ್ 1954ರಲ್ಲಿ, ವಕೀಲ ಜಾನ್ ಬಾಂಜಾಫ್ 1965ರಲ್ಲಿ, ಬೇರೆ ಬೇರೆ ದಾರಿಗಳಲ್ಲಿ ನಡೆದು ಹೆಚ್ಚುಕಡಿಮೆ ಒಂದೇ ವಿಚಾರಕ್ಕೆ ಬಂದು ಮುಟ್ಟಿದರು: ಮತದಾರನ ಬಲವನ್ನು ಅವನ ಬಳಿ ಎಷ್ಟು ಮತಗಳಿವೆ ಎಂಬುದರಿಂದ ಅಳೆಯಬಾರದು, ಎಷ್ಟು ಸಂದರ್ಭಗಳಲ್ಲಿ ಅವನು ಮನಸ್ಸು ಬದಲಿಸಿದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದರಿಂದ ಅಳೆಯಬೇಕು. ಹೀಗೆ ಫಲಿತಾಂಶ ತಿರುಗಿಸಬಲ್ಲ ಮತವನ್ನು ನಿರ್ಣಾಯಕ ಮತವೆಂದೂ, ಅಂತಹ ಸಂದರ್ಭಗಳ ಪಾಲನ್ನು ಬಲಸೂಚ್ಯಂಕವೆಂದೂ ಕರೆಯಬಹುದು.

ಬಾಂಜಾಫ್ ಎತ್ತಿಕೊಂಡ ಉದಾಹರಣೆ ನ್ಯೂಯಾರ್ಕ್ ರಾಜ್ಯದ ನಾಸೊ ಕೌಂಟಿಯ ಮೇಲ್ವಿಚಾರಕರ ಮಂಡಳಿಯದು. ಅಲ್ಲಿ ಆರು ಪ್ರತಿನಿಧಿಗಳಿಗೆ ಅವರವರ ಪ್ರದೇಶದ ಜನಸಂಖ್ಯೆಗೆ ಅನುಗುಣವಾಗಿ 31, 31, 28, 21, 2, 2 ಎಂದು ಒಟ್ಟು 115 ಮತಗಳನ್ನು ಹಂಚಲಾಗಿತ್ತು. ಠರಾವು ಗೆಲ್ಲಲು 58 ಮತ ಬೇಕಿತ್ತು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಕಾಣದು. ಆದರೆ ಕೂಡಿ ನೋಡಿದರೆ ಮೊದಲ ಮೂವರಲ್ಲಿ ಯಾವ ಇಬ್ಬರು ಒಂದಾದರೂ 59 ಅಥವಾ 62 ಆಗಿ ಗೆಲ್ಲುತ್ತಾರೆ. 21 ಮತದ ಪ್ರತಿನಿಧಿಯು 31 ಮತದವನ ಜೊತೆ ಸೇರಿ, ಇನ್ನಿಬ್ಬರು ಸಣ್ಣವರನ್ನೂ ಕರೆತಂದರೂ 56ಕ್ಕೇ ನಿಂತುಬಿಡುತ್ತಾನೆ. ಆರು ಕುರ್ಚಿಗಳಲ್ಲಿ ಮೂರು ಕುರ್ಚಿಗಳಿಗೆ ಬಲ ಸಮಸಮ, ಉಳಿದ ಮೂರಕ್ಕೆ ಸೊನ್ನೆ. ಒಟ್ಟು ಮತಗಳ ಸುಮಾರು ಐದನೇ ಒಂದು ಭಾಗ ಹೊಂದಿದ್ದವನು ಸಭೆಗೆ ಬಂದರೂ ಒಂದೇ, ಬಾರದಿದ್ದರೂ ಒಂದೇ.

ಯುರೋಪಿಯನ್ ಆರ್ಥಿಕ ಸಮುದಾಯದ ಸ್ಥಾಪಕರೂ 1958ರಲ್ಲಿ ಇದೇ ಗುಂಡಿಗೆ ಬಿದ್ದರು. ಫ್ರಾನ್ಸ್, ಜರ್ಮನಿ, ಇಟಲಿಗಳಿಗೆ ತಲಾ 4, ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ಗೆ ತಲಾ 2, ಲಕ್ಸೆಂಬರ್ಗ್‌ಗೆ 1 ಎಂದು ಮತ ಹಂಚಿ, ಗೆಲುವಿಗೆ 12 ಬೇಕೆಂದರು. ಲಕ್ಸೆಂಬರ್ಗ್ ಬಿಟ್ಟು ಉಳಿದವರ ಮತಗಳೆಲ್ಲ ಸಮಸಂಖ್ಯೆಗಳಾದ್ದರಿಂದ ಅವುಗಳ ಮೊತ್ತ 11 ಆಗಲು ಸಾಧ್ಯವೇ ಇಲ್ಲ, ಹಾಗಾಗಿ ಲಕ್ಸೆಂಬರ್ಗಿನ ಒಂದು ಮತ ಎಂದಿಗೂ ನಿರ್ಣಾಯಕವಾಗದು. 1973ರಲ್ಲಿ ಬ್ರಿಟನ್, ಡೆನ್ಮಾರ್ಕ್, ಐರ್ಲೆಂಡ್ ಸೇರಿ ಮತಗಳನ್ನು ಮರುಹಂಚಿದಾಗ ಲಕ್ಸೆಂಬರ್ಗಿನ ಪಾಲು 17ರಲ್ಲಿ ಒಂದರಿಂದ 58ರಲ್ಲಿ ಎರಡಕ್ಕೆ, ಅಂದರೆ ಶೇಕಡ 5.9ರಿಂದ 3.4ಕ್ಕೆ ಇಳಿಯಿತು; ಆದರೆ ಬಲ ಸೊನ್ನೆಯಿಂದ ಮೇಲೆದ್ದಿತು. ಪಾಲು ಕುಗ್ಗಿ ಬಲ ಹಿಗ್ಗಿದ ಈ ವಿಚಿತ್ರವನ್ನು ಹೊಸ ಸದಸ್ಯರ ವಿರೋಧಾಭಾಸವೆಂದು ಕರೆಯುತ್ತಾರೆ.

ಕನ್ನಡ ಓದುಗರಿಗೆ ಈ ಗಣಿತವನ್ನು 2018ರ ಮೇ ತಿಂಗಳು ಪಾಠ ಹೇಳಿದಂತೆ ಹೇಳಿಕೊಟ್ಟಿದೆ. ಕರ್ನಾಟಕ ವಿಧಾನಸಭೆಗೆ ಮತದಾನ ನಡೆದ 222 ಸ್ಥಾನಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಗೆದ್ದವು, ಮೂರು ಸ್ಥಾನ ಇತರರಿಗೆ ಹೋದವು. ಬಹುಮತಕ್ಕೆ ಬೇಕಿದ್ದುದು 112. ಮೂರು ಪಕ್ಷಗಳಲ್ಲಿ ಯಾವ ಎರಡು ಕೂಡಿದರೂ ಬಹುಮತ ದಾಟುತ್ತಿತ್ತು, ಯಾವುದೊಂದೂ ಇತರ ಮೂವರನ್ನು ಕಟ್ಟಿಕೊಂಡು ದಾಟುವಂತಿರಲಿಲ್ಲ; ಆದ್ದರಿಂದ 104ಕ್ಕೂ 37ಕ್ಕೂ ಬಲಸೂಚ್ಯಂಕ ಒಂದೇ ಆಗಿತ್ತು, ಮತ್ತು ಮೂರನೆಯ ಸ್ಥಾನದ ಪಕ್ಷದ ನಾಯಕರು ಮುಖ್ಯಮಂತ್ರಿಯಾದರು. ಜನಾದೇಶದ ಪ್ರಶ್ನೆ ಬೇರೆ, ಅದನ್ನು ಈ ಲೆಕ್ಕ ಮುಟ್ಟುವುದಿಲ್ಲ.

ಸಣ್ಣ ಸಭೆಗಳ ಈ ಲೆಕ್ಕ ಸಾವಿರಾರು ಮತದಾರರಿರುವ ಸಂಸ್ಥೆಗೆ ಬಂದಾಗ ಇನ್ನೂ ಬೆರಗು ಹುಟ್ಟಿಸುತ್ತದೆ. ಹತ್ತು ಸಾವಿರ ಮಂದಿ ಪರಸ್ಪರ ಮಾತಾಡದೆ, ನಾಣ್ಯ ಚಿಮ್ಮಿದಂತೆ ಹೌದು ಅಥವಾ ಇಲ್ಲ ಎಂದು ಮತ ಹಾಕುತ್ತಾರೆಂದು ಭಾವಿಸಿದರೆ, ಹೌದೆನ್ನುವವರ ಸಂಖ್ಯೆ ಸರಾಸರಿ ಐದು ಸಾವಿರದ ಸುತ್ತ ಸುಳಿಯುತ್ತದೆ. ಆ ಸುಳಿದಾಟದ ಅಳತೆ, ಅಂದರೆ ಸಂಖ್ಯಾಶಾಸ್ತ್ರಜ್ಞರು ಮಾನಕ ವಿಚಲನೆ ಎನ್ನುವುದು, ಕೇವಲ 50. ಇವರ ಜೊತೆಗೆ ಮೊದಲೇ ಮಾತಾಡಿಕೊಂಡ 200 ಜನರ ಕೂಟವೊಂದು ಸೇರಿ ಒಟ್ಟಾಗಿ ಹೌದೆಂದರೆ ಸಾಕು, ಉಳಿದವರ ಪೈಕಿ ಹೌದೆನ್ನುವವರು 4,900ರಷ್ಟಕ್ಕೆ ಇಳಿದರೂ ಠರಾವು ಗೆಲ್ಲುತ್ತದೆ. ಅದಕ್ಕಿಂತ ಕೆಳಗಿಳಿಯುವ ಸಂಭವ ನೂರಕ್ಕೆ ಎರಡರಷ್ಟು ಮಾತ್ರ. ಶೇಕಡ ಎರಡರಷ್ಟು ಮತವಿರುವ ಕೂಟ ನೂರರಲ್ಲಿ ಸುಮಾರು ತೊಂಬತ್ತೆಂಟು ಬಾರಿ ತನ್ನ ಮಾತು ನಡೆಸಿಕೊಳ್ಳುತ್ತದೆಂಬುದು ಪೆನ್‌ರೋಸ್ ಕಂಡುಕೊಂಡ ಸಂಗತಿಯ ಸಾರ. ನಿಜವಾದ ಮತದಾರರು ನಾಣ್ಯಗಳಲ್ಲ, ಅವರೂ ಮಾತಾಡಿಕೊಳ್ಳುತ್ತಾರೆ ಎಂಬ ಆಕ್ಷೇಪಣೆ ಸರಿಯೇ. ಆದರೂ ಮತ ಹಂಚಿದಷ್ಟೂ ಸಂಘಟಿತರ ತೂಕ ಏರುತ್ತದೆಂಬ ದಿಕ್ಕು ಬದಲಾಗುವುದಿಲ್ಲ, ಮತ್ತು ಬಹುಪಾಲು ಸದಸ್ಯರು ಮತವನ್ನೇ ಹಾಕದ ಸಂಸ್ಥೆಗಳಲ್ಲಿ ಈ ಏರಿಕೆ ಮತ್ತಷ್ಟು ಕಡಿದಾಗುತ್ತದೆ.

ಮತ ಹಾಕದವರೂ ಬಲಹೀನರೆಂದು ತಿಳಿಯಬಾರದು. ನಾಣ್ಯ ವಿನಿಮಯದ 'ಯುನಿಸ್ವಾಪ್' ವ್ಯವಸ್ಥೆಯಲ್ಲಿ ಒಟ್ಟು 100 ಕೋಟಿ ಟೋಕನ್‌ಗಳಿದ್ದು, ಠರಾವು ಗೆಲ್ಲಲು ಹೌದೆಂಬ ಮತಗಳು ಕನಿಷ್ಠ 4 ಕೋಟಿ ಇರಬೇಕೆಂಬ ಕೋರಂ ನಿಯಮವಿತ್ತು. ಈ ಕೋರಂ ಹೆಚ್ಚಾಯಿತು, 3 ಕೋಟಿಗೆ ಇಳಿಸೋಣವೆಂಬ ಠರಾವು 2020ರ ಅಕ್ಟೋಬರಿನಲ್ಲಿ ಅಲ್ಲಿನ ಮೊದಲ ಮತದಾನಕ್ಕೆ ಬಂದಾಗ, ಬಿದ್ದ ಮತಗಳಲ್ಲಿ ಶೇಕಡ 98ರಷ್ಟು ಹೌದೆಂದವು. ಆದರೆ ಅವುಗಳ ಮೊತ್ತ 3.96 ಕೋಟಿಗೆ ನಿಂತು, ಕೋರಂ ಸಾಲದೆ ಕೋರಂ ಇಳಿಸುವ ಠರಾವೇ ಬಿದ್ದುಹೋಯಿತು. ವಿರೋಧಿಗಳ ಕೈಯಲ್ಲಾಗದ ಕೆಲಸವನ್ನು ಗೈರುಹಾಜರಾದವರು ಮಾಡಿ ಮುಗಿಸಿದ್ದರು.

ಟೋಕನ್ ಒಂದಕ್ಕೆ ಒಂದು ಮತವೆಂಬ ಪದ್ಧತಿಯನ್ನೇ ಬಿಟ್ಟು, ಸಹಕಾರ ಸಂಘಗಳಂತೆ ತಲೆಗೊಂದು ಮತ ಕೊಟ್ಟರಾಗದೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದಿಂದ ಹಿಡಿದು ಇಂದಿನ ಹಾಲು ಸಂಘಗಳ ತನಕ ಸಹಕಾರ ತತ್ತ್ವದ ಬುನಾದಿಯೇ ಅದು, ಮತ್ತು ಹಳ್ಳಿಯಲ್ಲಿ ಅದು ಸಾಧ್ಯವಾಗುವುದು ಯಾರು ಯಾರೆಂಬುದು ಎಲ್ಲರಿಗೂ ಗೊತ್ತಿರುವುದರಿಂದ. ಮುಖವಿಲ್ಲದ ಜಾಲದಲ್ಲಿ ಒಬ್ಬನೇ ಸಾವಿರ ಖಾತೆ ತೆರೆದು ಸಾವಿರ ತಲೆಗಳಾಗಿ ನಿಲ್ಲಬಲ್ಲ. ಈ ಮೋಸಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ 'ಸಿಬಿಲ್ ದಾಳಿ' ಎಂದು ಹೆಸರು. ದೊಡ್ಡ ಟೋಕನ್‌ದಾರರ ಬಲ ಕುಗ್ಗಿಸಲು ವರ್ಗಮೂಲದ ಲೆಕ್ಕದಲ್ಲಿ ಮತ ಕೊಡುವ ಉಪಾಯವೂ, ಅಂದರೆ 100 ಟೋಕನ್ ಇದ್ದವನಿಗೆ 10 ಮತ ಮಾತ್ರವೆಂಬುದೂ, ಇದೇ ಕಲ್ಲಿಗೆ ಎಡವುತ್ತದೆ, ಏಕೆಂದರೆ ಅವನು ಆ 100 ಟೋಕನ್‌ಗಳನ್ನು 100 ಖಾತೆಗಳಲ್ಲಿ ಒಂದೊಂದಾಗಿ ಇಟ್ಟರೆ ಅವನ ಮತ ಮತ್ತೆ 100 ಆಗುತ್ತದೆ.

ಇಷ್ಟರವರೆಗಿನದು ಮತಪೆಟ್ಟಿಗೆಯೊಳಗಿನ ಲೆಕ್ಕ. ಹಿಡಿತ ಮತಪೆಟ್ಟಿಗೆಯಿಂದ ಹೊರಕ್ಕೇ ಜಾರಿಹೋದಾಗ ಏನಾಗುತ್ತದೆಂಬುದಕ್ಕೆ, ಈ ಬಗೆಯ ಸಂಸ್ಥೆಗಳ ಪೈಕಿ ಮೊದಲು ದೊಡ್ಡ ಹೆಸರು ಮಾಡಿದ, 'ದಿ ಡಿಎಒ' ಎಂದೇ ಹೆಸರಿಟ್ಟುಕೊಂಡ ಸಂಸ್ಥೆಯ ಕತೆ ಸಾಕ್ಷಿ. ಈಥೀರಿಯಂ ಎಂಬ ಬ್ಲಾಕ್‌ಚೈನಿನ ಮೇಲೆ 2016ರ ಏಪ್ರಿಲ್ 30ರಂದು ಟೋಕನ್ ಮಾರಾಟಕ್ಕೆ ತೆರೆದುಕೊಂಡ ಈ ಸಂಸ್ಥೆ ನಾಲ್ಕು ವಾರಗಳಲ್ಲಿ ಸುಮಾರು 15 ಕೋಟಿ ಡಾಲರ್ ಬೆಲೆಯ 'ಈಥರ್' ಎಂಬ ಅಂಕೀಯ ನಾಣ್ಯವನ್ನು ಕೂಡಿಹಾಕಿತು. ಅದನ್ನು ಯಾವ ಯೋಜನೆಗೆ ಹೂಡಬೇಕೆಂಬುದನ್ನು ಟೋಕನ್ ಹೊಂದಿದವರೆಲ್ಲ ಮತ ಹಾಕಿ ನಿರ್ಧರಿಸಬೇಕಿತ್ತು. ಆದರೆ ಯಾವ ಯೋಜನೆ ಮತಕ್ಕೆ ಬರಬಹುದೆಂಬುದನ್ನು ಸೋಸುವ ಕೆಲಸವನ್ನು 'ಕ್ಯುರೇಟರ್' ಎಂಬ ಬೆರಳೆಣಿಕೆಯ ಪಾಲಕರಿಗೆ ಬಿಡಲಾಗಿತ್ತು. ಮತ ಹಾಕಿದವನ ಟೋಕನ್ ಮತದಾನ ಮುಗಿಯುವ ತನಕ ಕೈಬದಲಾಗದಂತೆ ಕಟ್ಟಿಹಾಕಲ್ಪಡುತ್ತಿತ್ತು, ಹೀಗಾಗಿ ಮತ ಹಾಕದಿರುವುದೇ ಜಾಣತನವೆನಿಸುತ್ತಿತ್ತು. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು 2017ರ ಜುಲೈನಲ್ಲಿ ಹೊರಡಿಸಿದ ವರದಿಯಲ್ಲಿ, ಟೋಕನ್‌ದಾರರಿಗಿದ್ದ ಮತದ ಹಕ್ಕು ಅರ್ಥಪೂರ್ಣ ನಿಯಂತ್ರಣವನ್ನು ಕೊಡುವಷ್ಟಿರಲಿಲ್ಲವೆಂದು ಹೇಳಿ, ಆ ಟೋಕನ್‌ಗಳು ಷೇರಿನಂತಹ ಹೂಡಿಕೆ ಪತ್ರಗಳೇ ಎಂದು ತೀರ್ಮಾನಿಸಿತು.

ಆ ವರದಿ ಬರುವ ಹೊತ್ತಿಗೆ ಸಂಸ್ಥೆ ಇಲ್ಲವಾಗಿ ಒಂದು ವರ್ಷವಾಗಿತ್ತು. ಸದಸ್ಯತ್ವ ಬಿಟ್ಟು ಹೊರಡುವವನಿಗೆ ಅವನ ಪಾಲನ್ನು ಕೊಡುವ ಪ್ರೋಗ್ರಾಮಿನಲ್ಲಿ ಮೊದಲು ಹಣ ಕೊಟ್ಟು ಆಮೇಲೆ ಲೆಕ್ಕದಿಂದ ಕಳೆಯುವ ಕ್ರಮವಿತ್ತು. ಬ್ಯಾಂಕಿನ ಗುಮಾಸ್ತ ನೋಟು ಎಣಿಸಿ ಕೈಗಿಟ್ಟು, ಲೆಜರಿನಲ್ಲಿ ಬರೆಯಲು ಪೆನ್ನೆತ್ತುವ ಮೊದಲೇ ಗ್ರಾಹಕ ಅದೇ ಮೊತ್ತದ ಇನ್ನೊಂದು ಚೀಟಿ ಒಳಕ್ಕೆ ತಳ್ಳಿದರೆ, ಮತ್ತೆ ಇನ್ನೊಂದನ್ನು ತಳ್ಳಿದರೆ, ಲೆಜರಿನಲ್ಲಿ ಹಳೆಯ ಮೊತ್ತವೇ ಕಾಣುತ್ತಿರುವುದರಿಂದ ಗುಮಾಸ್ತ ಕೊಡುತ್ತಲೇ ಹೋಗುತ್ತಾನೆ. 2016ರ ಜೂನ್ 17ರಂದು ಅಜ್ಞಾತನೊಬ್ಬ ಹೀಗೆಯೇ ಸುಮಾರು 36 ಲಕ್ಷ ಈಥರ್‌ಗಳನ್ನು ಹೊರಗೆಳೆದ. ನಿಯಮದಂತೆ ಆ ಹಣ ಸುಮಾರು ನಾಲ್ಕು ವಾರ ಬೇರೊಂದು ಖಾತೆಯಲ್ಲಿ ಸಿಲುಕಿಕೊಂಡಿರಬೇಕಾಗಿತ್ತು, ಆ ಅವಧಿಯೊಳಗೆ ಏನಾದರೂ ಮಾಡಬೇಕಿತ್ತು.

ಮಾಡಬೇಕಾದವರು ಯಾರೆಂಬ ಪ್ರಶ್ನೆ ಎದ್ದಾಗಲೇ ನಿಜವಾದ ನಕ್ಷೆ ಕಣ್ಣಿಗೆ ಬಿದ್ದದ್ದು. ಹಣ ಹೂಡಿದ ಟೋಕನ್‌ದಾರರ ಕೈಯಲ್ಲಿ ಏನೂ ಇರಲಿಲ್ಲ. ಈಥೀರಿಯಂ ಲೆಕ್ಕಪುಸ್ತಕದ ಇತಿಹಾಸವನ್ನೇ ಕವಲೊಡೆಸಿ, ಕದ್ದ ಹಣ ಮಾಲೀಕರಿಗೆ ಮರಳುವಂತಹ ಹೊಸ ಕವಲನ್ನು ಎಲ್ಲರೂ ಒಪ್ಪಿ ನಡೆಯುವುದೊಂದೇ ದಾರಿ ಉಳಿದಿತ್ತು, ಮತ್ತು ಆ ದಾರಿಯ ಕೀಲಿಗಳು ತಂತ್ರಾಂಶ ಬರೆಯುವ ಪ್ರೋಗ್ರಾಮರುಗಳಲ್ಲಿ, ಅದನ್ನು ಓಡಿಸುವ 'ಗಣಿಗಾರ' ಕಂಪ್ಯೂಟರ್‌ಗಳ ಒಡೆಯರಲ್ಲಿ, ನಾಣ್ಯ ಕೊಳ್ಳುವ ಮಾರುವ ವಿನಿಮಯ ಕೇಂದ್ರಗಳಲ್ಲಿ ಹಂಚಿಹೋಗಿದ್ದವು. ಈಥರ್ ಹೊಂದಿದವರ ಅಭಿಪ್ರಾಯ ತಿಳಿಯಲು ಮತಗಣನೆಯೊಂದು ನಡೆದು ಬಹುಮತ ಕವಲಿನ ಕಡೆಗೇ ಬಂತು, ಆದರೆ ಅದರಲ್ಲಿ ಪಾಲ್ಗೊಂಡ ನಾಣ್ಯದ ಮೊತ್ತ ಒಟ್ಟು ಚಲಾವಣೆಯ ಸಣ್ಣದೊಂದು ಭಾಗ ಮಾತ್ರವಾಗಿತ್ತು. ಅತ್ಯಂತ ಹೆಚ್ಚು ಬಳಕೆಯಲ್ಲಿದ್ದ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಕವಲಿಗೆ ಒಪ್ಪಿಗೆಯೆಂಬುದನ್ನೇ ಮೊದಲೇ ಹೊಂದಿಸಿಡಲಾಗಿತ್ತು. ಬೇಡವೆನ್ನುವವರು ಪ್ರತ್ಯೇಕವಾಗಿ ಸೂಚನೆ ಕೊಡಬೇಕಿತ್ತು. ಯಾವ ಉತ್ತರವನ್ನೂ ಕೊಡದಿದ್ದವನ ಉತ್ತರ ಏನೆಂದು ನಿರ್ಧರಿಸುವ ಈ ಹಿಡಿತಕ್ಕೆ ಯಾವ ನಿಯಮಾವಳಿಯಲ್ಲೂ ಹೆಸರಿಲ್ಲ, ಆದರೆ ಸೋಮಾರಿತನವೂ ನಂಬಿಕೆಯೂ ಇರುವ ತನಕ ಅದಕ್ಕಿಂತ ದೊಡ್ಡ ಹಿಡಿತ ಹುಡುಕುವುದು ಕಷ್ಟ.

ಜುಲೈ 20ರಂದು, ಲೆಕ್ಕಪುಸ್ತಕದ 19,20,000ನೆಯ ಪುಟದಲ್ಲಿ, ಅಂದರೆ ಬ್ಲಾಕಿನಲ್ಲಿ, ಕವಲು ಒಡೆಯಿತು. ಒಪ್ಪದ ಕೆಲವರು ಹಳೆಯ ದಾರಿಯಲ್ಲೇ ಮುಂದುವರಿದು ಅದಕ್ಕೆ 'ಈಥೀರಿಯಂ ಕ್ಲಾಸಿಕ್' ಎಂದು ಹೆಸರಿಟ್ಟರು, ಮತ್ತು ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರ ಕೆಲವೇ ದಿನಗಳಲ್ಲಿ ಅದನ್ನು ವ್ಯಾಪಾರಕ್ಕೆ ಇಟ್ಟದ್ದರಿಂದ ಸತ್ತೇಹೋಗಬಹುದಾಗಿದ್ದ ಕವಲಿಗೆ ಬೆಲೆ ಬಂದು ಜೀವವೂ ಬಂತು. ಆ ಕವಲು ಉಳಿಯಬೇಕೆಂದು ವಿನಿಮಯ ಕೇಂದ್ರಕ್ಕೆ ಯಾರೂ ಮತ ಕೊಟ್ಟಿರಲಿಲ್ಲ.

ಬಿಟ್ಟುಹೋಗುವ ಸಾಮರ್ಥ್ಯವೂ ಹಿಡಿತದ ಒಂದು ರೂಪವೆಂಬುದನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ವಿವರಿಸಿದ್ದರು: ಸದಸ್ಯನಿಗೆ ಒಳಗಿದ್ದು ದನಿಯೆತ್ತುವ ದಾರಿಯೂ ಹೊರಟುಹೋಗುವ ದಾರಿಯೂ ಇರುತ್ತವೆ, ಮತ್ತು ಹೊರಟುಹೋದಾನೆಂಬ ಭಯವಿದ್ದಾಗ ಅವನ ದನಿಗೆ ಬೆಲೆ ಬರುತ್ತದೆ. ಸಾಮಾನ್ಯ ಕಂಪನಿಯಿಂದ ಹೊರಡುವವನು ತನ್ನ ಪಾಲು ಮಾರಿ ಹೊರಡುತ್ತಾನೆ, ಕಟ್ಟಡವನ್ನಾಗಲಿ ಲೆಕ್ಕವನ್ನಾಗಲಿ ಹೊತ್ತುಕೊಂಡು ಹೋಗಲಾರ. ಬ್ಲಾಕ್‌ಚೈನಿನಲ್ಲಿ ತಂತ್ರಾಂಶವೂ ಲೆಕ್ಕಪುಸ್ತಕವೂ ಎಲ್ಲರ ಕೈಯಲ್ಲಿರುವುದರಿಂದ ಮನೆಯ ಪಡಿಯಚ್ಚನ್ನೇ ಪಕ್ಕದಲ್ಲಿ ಎಬ್ಬಿಸಬಹುದು. ಕೂಡುಕುಟುಂಬ ಒಡೆಯುವಾಗ ಪಾತ್ರೆಪಡಗ ಭಾಗವಾಗುತ್ತವೆ. ಇಲ್ಲಿ ಭಾಗವಾಗುವುದಿಲ್ಲ, ಎರಡೆರಡಾಗುತ್ತವೆ.

ಮತವೇ ಸರಕಾದಾಗ ಅದನ್ನು ಸಾಲವಾಗಿಯೂ ತರಬಹುದು. 2022ರ ಏಪ್ರಿಲ್ 17ರಂದು 'ಬೀನ್‌ಸ್ಟಾಕ್' ಎಂಬ ವ್ಯವಸ್ಥೆಯಲ್ಲಿ ನಡೆದದ್ದು ಇದೇ. ಮೂರನೇ ಎರಡರಷ್ಟು ಮತ ಬಿದ್ದರೆ, ಮಂಡಿಸಿ ಒಂದು ದಿನ ಕಳೆದ ಠರಾವನ್ನು ಕೂಡಲೇ ಜಾರಿಗೊಳಿಸಬಹುದೆಂಬ ತುರ್ತು ನಿಯಮ ಅಲ್ಲಿತ್ತು. ದಾಳಿಕೋರ ಹಿಂದಿನ ದಿನವೇ ಠರಾವು ಮಂಡಿಸಿಟ್ಟು, ಮರುದಿನ 'ಕ್ಷಣಸಾಲ' ಎನ್ನಬಹುದಾದ, ಒಂದೇ ವ್ಯವಹಾರದೊಳಗೆ ತೆಗೆದುಕೊಂಡು ಅದರೊಳಗೇ ತೀರಿಸಬೇಕಾದ, ಅಡಮಾನ ಬೇಡದ ಸಾಲದ ರೂಪದಲ್ಲಿ ಸುಮಾರು 100 ಕೋಟಿ ಡಾಲರ್ ಎತ್ತಿ, ಅದರಿಂದ ಮತಾಧಿಕಾರ ಪಡೆದು, ಖಜಾನೆಯನ್ನೆಲ್ಲ ತನಗೆ ವರ್ಗಾಯಿಸುವ ಠರಾವಿಗೆ ತಾನೇ ಮತ ಹಾಕಿ ಗೆಲ್ಲಿಸಿ, ಸಾಲ ತೀರಿಸಿ ಹೊರಟುಹೋದ. ಸಾಲ ಎತ್ತಿದ್ದರಿಂದ ತೀರಿಸುವ ತನಕ ಎಲ್ಲವೂ ನಡೆದದ್ದು ಒಂದೇ ವ್ಯವಹಾರದಲ್ಲಿ. ಸಂಸ್ಥೆಗೆ ಆದ ನಷ್ಟ ಸುಮಾರು 18.2 ಕೋಟಿ ಡಾಲರ್. ಇಲ್ಲಿ ನಿಯಮ ಮುರಿಯಿತೆಂದು ಹೇಳಲು ಒಂದು ಸಾಲೂ ಸಿಗದು. ಬಹುಮತವಿತ್ತು, ಅವಧಿ ಕಳೆದಿತ್ತು, ಠರಾವು ಅಂಗೀಕಾರವಾಗಿತ್ತು. ನಾಳೆಯೂ ಸದಸ್ಯನಾಗಿರುವವನೇ ಇಂದು ಮತ ಹಾಕುತ್ತಾನೆಂಬ, ಯಾವ ಸಂಘವೂ ಬರೆದಿಡದೆ ನಂಬಿಕೊಂಡು ಬಂದಿದ್ದ ಊಹೆಯೊಂದು ಮಾತ್ರ ಮುರಿದಿತ್ತು.

ಪ್ರಸ್ತಾವ ಮಂಡಿಸುವವರ ಪ್ರಭಾವವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 2023ರ ವಸಂತದಲ್ಲಿ 'ಆರ್ಬಿಟ್ರಮ್' ಎಂಬ ಜಾಲದ ಪ್ರತಿಷ್ಠಾನಕ್ಕೆ 75 ಕೋಟಿ ಟೋಕನ್‌ಗಳನ್ನು ಕೊಡುವ ಅಂಶವಿದ್ದ ಠರಾವು ಸದಸ್ಯರ ಮುಂದೆ ಬಂದು ವಿರೋಧ ಎದುರಿಸಿದಾಗ, ಅದು ಅನುಮತಿ ಕೋರಿಕೆಯಲ್ಲ, ಆಗಲೇ ಆಗಿರುವ ತೀರ್ಮಾನಕ್ಕೆ ಸ್ಥಿರೀಕರಣ ಮಾತ್ರವೆಂದು ಪ್ರತಿಷ್ಠಾನ ಹೇಳಿತು. ಗದ್ದಲ ಹೆಚ್ಚಿದ ಮೇಲೆ ಠರಾವನ್ನು ಬಿಡಿಬಿಡಿಯಾಗಿ ಮತ್ತೆ ತರಬೇಕಾಯಿತು. ವಾರ್ಷಿಕ ಮಹಾಸಭೆಗಳಲ್ಲಿ ಕುಳಿತು ಬಲ್ಲವರಿಗೆ ಸ್ಥಿರೀಕರಣವೆಂಬ ಪದದ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಎಳೆಗಳೂ ಒಂದೇ ಕಡೆ ಗಂಟಾಗುವುದು 'ಸ್ಟೀಮ್' ಎಂಬ ಬ್ಲಾಕ್‌ಚೈನಿನ ಪ್ರಕರಣದಲ್ಲಿ. ಅಲ್ಲಿ ಲೆಕ್ಕಪುಸ್ತಕ ಬರೆಯುವವರನ್ನು 'ಸಾಕ್ಷಿಗಳು' ಎನ್ನುತ್ತಾರೆ. ಟೋಕನ್‌ದಾರರು ತಮ್ಮ ಟೋಕನ್‌ಗಳನ್ನು 'ಬಂಧಿಸಿಟ್ಟು', ಅಂದರೆ ಮಾರಲಾಗದಂತೆ ಕಟ್ಟಿಹಾಕಿ, ಸಾಕ್ಷಿಗಳನ್ನು ಆರಿಸುತ್ತಾರೆ. ಅತಿ ಹೆಚ್ಚು ಮತ ಪಡೆದ 20 ಸಾಕ್ಷಿಗಳು ಜಾಲದ ನಿಯಮಗಳನ್ನು ಬದಲಿಸಬಲ್ಲರು. ಬಂಧಿಸಿದ ಟೋಕನ್ ಬಿಡಿಸಿಕೊಳ್ಳಲು 13 ವಾರ ಹಿಡಿಯುತ್ತಿದ್ದುದರಿಂದ, ಮತ ಹಾಕುವವನಿಗೆ ಜಾಲದ ಭವಿಷ್ಯದಲ್ಲಿ ಪಾಲಿರಲೇಬೇಕೆಂಬ ಎಚ್ಚರವೂ ವಿನ್ಯಾಸದಲ್ಲಿತ್ತು. ಜಾಲವನ್ನು ಕಟ್ಟಿದ ಕಂಪನಿಯ ಬಳಿ ಒಟ್ಟು ಟೋಕನ್‌ಗಳ ಐದನೇ ಒಂದು ಭಾಗದಷ್ಟಿದ್ದರೂ ಅದನ್ನು ಮತಕ್ಕೆ ಬಳಸುವುದಿಲ್ಲವೆಂಬ ವಚನವಿತ್ತು. 2020ರ ಫೆಬ್ರವರಿಯಲ್ಲಿ 'ಟ್ರಾನ್' ಜಾಲದ ಸ್ಥಾಪಕ ಜಸ್ಟಿನ್ ಸನ್ ಆ ಕಂಪನಿಯನ್ನೇ ಕೊಂಡರು. ವಚನ ಕೊಟ್ಟವರು ಹೋಗಿ ಟೋಕನ್ ಮಾತ್ರ ಉಳಿಯಿತೆಂದು ಹೆದರಿದ ಸಾಕ್ಷಿಗಳು ತಂತ್ರಾಂಶ ಬದಲಿಸಿ ಆ ಟೋಕನ್‌ಗಳನ್ನು ಸ್ತಂಭನಗೊಳಿಸಿದರು. ಜಾಲದ ಒಂದು ಭಾಗದ ಮಾಲೀಕತ್ವವನ್ನು 20 ಮಂದಿ ತಡೆಹಿಡಿಯಬಲ್ಲರೆಂಬುದು ಆ ದಿನ ಸಾಬೀತಾಯಿತು.

ಪ್ರತ್ಯುತ್ತರ ಬಂದದ್ದು ಯಾರೂ ಕಾಯದ ಬಾಗಿಲಿನಿಂದ. ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ಮೂರು ವಿನಿಮಯ ಕೇಂದ್ರಗಳಲ್ಲಿ ಸಾವಿರಾರು ಗ್ರಾಹಕರು ಸ್ಟೀಮ್ ಟೋಕನ್‌ಗಳನ್ನು ಠೇವಣಿ ಇಟ್ಟಿದ್ದರು. ಲೆಕ್ಕಪುಸ್ತಕದ ದೃಷ್ಟಿಯಲ್ಲಿ ಅವುಗಳ ಒಡೆಯ ಗ್ರಾಹಕನಲ್ಲ, ವಿನಿಮಯ ಕೇಂದ್ರ. 2020ರ ಮಾರ್ಚ್ 2ರಂದು ಆ ಠೇವಣಿಗಳು ಬಂಧಿತ ಟೋಕನ್‌ಗಳಾಗಿ ಪರಿವರ್ತನೆಯಾಗಿ, ಅವುಗಳ ಮತ ಸನ್ ಪಕ್ಷದ ಹೊಸ ಸಾಕ್ಷಿಗಳಿಗೆ ಬಿದ್ದು, 20 ಹಳೆಯ ಸಾಕ್ಷಿಗಳೂ ಒಟ್ಟಿಗೇ ಕೆಳಗಿಳಿದರು. ಪ್ರತಿಭಟನೆ ಎದ್ದ ಮೇಲೆ ವಿನಿಮಯ ಕೇಂದ್ರಗಳು ಮತ ಹಿಂತೆಗೆದುಕೊಂಡವು, ಆದರೆ ಬಂಧಿಸಿದ ಟೋಕನ್‌ಗಳನ್ನು ಬಿಡಿಸಲು ಅವುಗಳಿಗೂ 13 ವಾರದ ನಿಯಮವೇ ಅನ್ವಯಿಸುತ್ತಿತ್ತು.

ಇಪ್ಪತ್ತಕ್ಕೆ ಇಪ್ಪತ್ತೂ ಹೋಗುವಂತೆ ಮಾಡಿದ್ದು ಮತಗಳ ಮೊತ್ತಕ್ಕಿಂತ ಹೆಚ್ಚಾಗಿ ಎಣಿಕೆಯ ವಿಧಾನ, ಮತ್ತು ಇದನ್ನು ಬಿಡಿಸಿ ನೋಡಬೇಕು. ಸ್ಟೀಮಿನಲ್ಲಿ ಪ್ರತಿಯೊಂದು ಖಾತೆಯೂ 30 ಸಾಕ್ಷಿಗಳಿಗೆ ಮತ ಹಾಕಬಹುದು, ಮತ್ತು ಪ್ರತಿಯೊಂದು ಮತಕ್ಕೂ ಖಾತೆಯ ಪೂರ್ಣ ತೂಕ ಸಿಗುತ್ತದೆ. ಒಂದು ಬಣದಲ್ಲಿ 60 ಟೋಕನ್, ಇನ್ನೊಂದರಲ್ಲಿ 40 ಟೋಕನ್ ಇವೆಯೆಂದುಕೊಂಡರೆ, ಮೊದಲ ಬಣದ ಹುರಿಯಾಳುಗಳಿಗೆಲ್ಲ ತಲಾ 60, ಎರಡನೆಯವರ ಹುರಿಯಾಳುಗಳಿಗೆಲ್ಲ ತಲಾ 40 ಬಂದು, 20 ಸ್ಥಾನಗಳೂ ಮೊದಲ ಬಣದ ಪಾಲಾಗುತ್ತವೆ. 51ಕ್ಕೆ 49 ಇದ್ದರೂ ಫಲಿತಾಂಶ ಇದೇ. ಟೋಕನ್‌ನ ತೂಕ ಹುರಿಯಾಳುಗಳ ನಡುವೆ ಹಂಚಿಹೋಗಬೇಕೆಂಬ ನಿಯಮವಿದ್ದಿದ್ದರೆ, ಮೊದಲ ಬಣ 12 ಮಂದಿಗೂ ಎರಡನೆಯದು 8 ಮಂದಿಗೂ ತಲಾ 5ರಂತೆ ಹಂಚಿ, ಸ್ಥಾನಗಳು 12 ಮತ್ತು 8 ಆಗುತ್ತಿದ್ದವು. ಇಪ್ಪತ್ತು ಸಾಕ್ಷಿಗಳಿದ್ದಾರೆಂಬುದನ್ನೇ ವಿಕೇಂದ್ರೀಕರಣದ ಪುರಾವೆಯೆಂದು ತೋರಿಸುತ್ತಿದ್ದ ಜಾಲದಲ್ಲಿ ವಾಸ್ತವವಾಗಿ ಇದ್ದದ್ದು ಒಂದೇ ಕುರ್ಚಿ, ಅದನ್ನು ಇಪ್ಪತ್ತು ಹೆಸರುಗಳಿಂದ ಕರೆಯಲಾಗುತ್ತಿತ್ತು.

2020ರ ಮಾರ್ಚ್ 20ರಂದು ಹಳೆಯ ಬಣ ಕವಲೊಡೆದು 'ಹೈವ್' ಎಂಬ ಹೊಸ ಜಾಲವನ್ನು ಆರಂಭಿಸಿತು, ಎಲ್ಲರ ಟೋಕನ್‌ಗಳನ್ನೂ ಅಲ್ಲಿ ಪಡಿಯಚ್ಚು ಮಾಡಿ ಕಂಪನಿಯ ಪಾಲನ್ನು ಮಾತ್ರ ಕೈಬಿಟ್ಟಿತು. ಎದುರು ಬಣದ ಸಾಕ್ಷಿಗಳನ್ನು ಬೆಂಬಲಿಸಿದ್ದ ಕೆಲವು ಖಾತೆಗಳಿಗೂ ಪಾಲು ಸಿಗಲಿಲ್ಲ. ಯಾರಿಗೆ ಸಿಗಬೇಕೆಂಬುದನ್ನು ನಿರ್ಧರಿಸಿದ್ದು ತಂತ್ರಾಂಶ ಸಿದ್ಧಪಡಿಸಿದವರೇ. ಮುಂದೆ ಹೈವ್, ಹೊಸದಾಗಿ ಬಂಧಿಸಿದ ಟೋಕನ್‌ಗಳಿಗೆ 30 ದಿನ ಕಳೆಯುವ ತನಕ ಸಾಕ್ಷಿಗಳ ಆಯ್ಕೆಯಲ್ಲಿ ತೂಕವಿಲ್ಲವೆಂಬ ನಿಯಮ ಸೇರಿಸಿ, ವಿನಿಮಯ ಕೇಂದ್ರಗಳು ಬಂದ ಬಾಗಿಲನ್ನು ಮುಚ್ಚಿತು. ಒಂದು ಖಾತೆ 30 ಸಾಕ್ಷಿಗಳಿಗೆ ಪೂರ್ಣ ತೂಕದ ಮತ ಹಾಕಬಹುದೆಂಬ ಹಳೆಯ ನಿಯಮವನ್ನು ಹಾಗೆಯೇ ಉಳಿಸಿಕೊಂಡಿತು.